ಘಟ್ಟದ ದಾರಿಯಲ್ಲಿ ಬೈಸಿಕಲ್ಲು

ಕಳೆದ ವರ್ಷ ಮಳೆಗಾಲ ಹಿಂದೆಗೆಯುತ್ತಿದ್ದ ಒಂದು ಸಂಜೆ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಪುತ್ತೂರಿನ ನಮ್ಮ ಮನೆಗೆ ಬಂದನು. ಸುಳ್ಯದ ಕಡೆಯ ಕೃಷಿಕರ ಮಗ. ಓದು ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ವಾರದ ಆರು ದಿನ ಕಚೇರಿ, ಏಳನೆಯ ದಿನ ಬೈಸಿಕಲ್ಲು. ಹವ್ಯಾಸಿಗಳಿಗಾಗಿ ನಡೆಯುವ ಒಂದು ಘಟ್ಟ ಹತ್ತುವ ಪಂದ್ಯಕ್ಕೆ ಹೆಸರು ಕೊಟ್ಟು, ಅಭ್ಯಾಸಕ್ಕೆಂದು ಗೆಳೆಯರೊಡನೆ ಸಂಪಾಜೆಯಿಂದ ಮಡಿಕೇರಿಗೆ ಏರಿ ಬಂದಿದ್ದನು. ಆದರೆ ಮುಖದಲ್ಲಿ ಗೆಲುವಿರಲಿಲ್ಲ.

“ಮೂರು ಕಡೆ ಇಳಿದು ತಳ್ಳಬೇಕಾಯಿತು, ಸರ್. ಉಳಿದವರೆಲ್ಲ ನೋಡಿಕೊಂಡೇ ಮುಂದೆ ಹೋದರು. ಸೈಕಲ್ಲು ಭಾರ ಅಂತ ಕಾಣುತ್ತದೆ. ಕಾರ್ಬನ್ನಿನದ್ದು ತೆಗೆದುಕೊಂಡರೆ ಆದೀತೋ ಏನೋ. ಅಡಿಕೆ ಮಾರಿದ ದುಡ್ಡಿನಲ್ಲಿ ಕೊಡುತ್ತೇನೆ ಅಂತಾರೆ ಅಪ್ಪ. ಅದಕ್ಕೂ ಆಗದಿದ್ದರೆ ನನ್ನ ಕಾಲಿಗೇ ಶಕ್ತಿ ಇಲ್ಲ ಅಂತ ಬಿಟ್ಟುಬಿಡುತ್ತೇನೆ.”

ಅವನು ಹೇಳಿದ ಬೆಲೆ ಒಂದೂವರೆ ಲಕ್ಷ ರೂಪಾಯಿ. ಸಂಪಾಜೆ, ಅರಂತೋಡುಗಳ ಸುತ್ತಿನ ಅಡಿಕೆ ತೋಟಗಳನ್ನು ಹಳದಿ ಎಲೆ ರೋಗವು ಎಷ್ಟು ವರ್ಷಗಳಿಂದ ತಿನ್ನುತ್ತಿದೆಯೆಂಬುದನ್ನು ಬಲ್ಲವರಿಗೆ ಆ ದುಡ್ಡಿನ ತೂಕ ಗೊತ್ತು. ನಾನು ಚರಿತ್ರೆಯನ್ನು ಬೋಧಿಸುವವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೂ ಅವನ ಪ್ರಶ್ನೆಯನ್ನು ಕೇಳಿದಾಗ, ಇದು ನೂರಿಪ್ಪತ್ತು ವರ್ಷಗಳ ಹಿಂದೆಯೇ ಫ್ರಾನ್ಸಿನ ಬೆಟ್ಟಗಳಲ್ಲಿ ಎದ್ದು ಚರ್ಚೆಯಾಗಿ ತೀರ್ಮಾನವಾದ ಪ್ರಶ್ನೆಯಲ್ಲವೆ ಎನ್ನಿಸಿತು. ಆ ಚರಿತ್ರೆಯನ್ನು ಈ ಹೊತ್ತು ಶ್ರೋತೃಗಳ ಮುಂದಿಡುವುದು ನನ್ನ ಉದ್ದೇಶ.

ಮೊದಲು ನಮ್ಮ ನೆಲದ ವಿಚಾರ. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲ್ಲೂಕುಗಳು ದಕ್ಷಿಣ ಕನ್ನಡ ಜಿಲ್ಲೆಯ ಪೂರ್ವದ ಅಂಚಿಗೆ ಸೇರಿದವು. ಕರಾವಳಿಯೆಂದೊಡನೆ ಸಮುದ್ರತೀರದ ಸಮತಟ್ಟು ಮರಳನ್ನು ನೆನೆಯುವವರು ಇಲ್ಲಿಗೆ ಬಂದರೆ ಬೆರಗಾಗುತ್ತಾರೆ. ಇಲ್ಲಿ ಅರ್ಧ ಮೈಲಿ ಸಮನಾದ ರಸ್ತೆ ಸಿಕ್ಕುವುದೇ ಅಪರೂಪ. ಗುಡ್ಡದಿಂದಿಳಿದು ತೋಡು ದಾಟಿ ಮತ್ತೆ ಗುಡ್ಡ ಹತ್ತುವುದೇ ಇಲ್ಲಿನ ಪ್ರಯಾಣ. ಪೂರ್ವಕ್ಕೆ ನಡೆದಂತೆ ಸಹ್ಯಾದ್ರಿಯು ಗೋಡೆಯಂತೆ ಎದ್ದು ನಿಲ್ಲುತ್ತದೆ. ಸುಳ್ಯವನ್ನು ಬಿಟ್ಟರೆ ಸಂಪಾಜೆಯ ಮೂಲಕ ಮಡಿಕೇರಿಗೆ, ಕಡಬದ ಸೀಮೆಯ ಗುಂಡ್ಯದಿಂದ ಶಿರಾಡಿ ಘಟ್ಟದ ಮೂಲಕ ಸಕಲೇಶಪುರಕ್ಕೆ, ಸುಬ್ರಹ್ಮಣ್ಯದ ಬಳಿಯಿಂದ ಬಿಸಿಲೆ ಘಟ್ಟಕ್ಕೆ, ಹೀಗೆ ಮೂರು ಹೆಬ್ಬಾಗಿಲುಗಳು. ಸುಳ್ಯವು ಸಮುದ್ರಮಟ್ಟದಿಂದ ನೂರು ಮೀಟರಿನ ಆಸುಪಾಸಿನಲ್ಲಿದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಎಂದರೆ ಬೈಸಿಕಲ್ಲನ್ನೇರಿ ಸುಳ್ಯದಿಂದ ಹೊರಟವನು ಮಧ್ಯಾಹ್ನದೊಳಗೆ ತನ್ನನ್ನೂ ತನ್ನ ಯಂತ್ರವನ್ನೂ ಒಂದು ಸಾವಿರ ಮೀಟರಿಗೂ ಮಿಕ್ಕ ಎತ್ತರಕ್ಕೆ ಒಯ್ಯಬೇಕು. ಈ ನೆಲದಲ್ಲಿ ಬೈಸಿಕಲ್ಲಿನ ಪ್ರಶ್ನೆಯೆಂದರೆ ಏರಿನ ಪ್ರಶ್ನೆಯೇ ಸರಿ.

ಬೈಸಿಕಲ್ಲು ಹುಟ್ಟಿದ್ದು ಮಾತ್ರ ಇಂಥ ನೆಲದಲ್ಲಲ್ಲ. 1817ರಲ್ಲಿ ಜರ್ಮನಿಯ ಮ್ಯಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಡ್ರೈಸ್ ಎಂಬಾತನು ಎರಡು ಗಾಲಿಗಳ ಮೇಲೆ ಒಂದು ಮರದ ದಿಮ್ಮಿಯನ್ನಿಟ್ಟು, ಅದರ ಮೇಲೆ ಕುಳಿತು, ಕಾಲಿನಿಂದ ನೆಲವನ್ನೊದೆಯುತ್ತ ಓಡಿದನು. 1860ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂಗಾಲಿಗೆ ಪೆಡಲುಗಳು ಬಂದವು. ಪೆಡಲು ಬಂದ ಮೇಲೆ ಪಂದ್ಯ ಬರಲು ತಡವಾಗಲಿಲ್ಲ. 1869ನೆಯ ನವೆಂಬರ್ 7ರಂದು ಪ್ಯಾರಿಸ್ಸಿನಿಂದ ರೂವಾನ್ ನಗರದವರೆಗೆ, 123 ಕಿಲೋಮೀಟರುಗಳ ದೂರಕ್ಕೆ, ಊರಿಂದೂರಿಗೆ ಓಡುವ ಮೊದಲ ದೊಡ್ಡ ಪಂದ್ಯ ನಡೆಯಿತು. ಹಾಯಿ ಕಟ್ಟಕೂಡದು, ನಾಯಿಯಿಂದ ಎಳೆಸಿಕೊಳ್ಳಕೂಡದು ಎಂಬ ನಿಬಂಧನೆಗಳಿದ್ದುವಂತೆ! ಗೆದ್ದವನು ಜೇಮ್ಸ್ ಮೂರ್ ಎಂಬ ಆಂಗ್ಲೇಯ ತರುಣ. ಹಿಡಿದ ಕಾಲ ಸುಮಾರು ಹತ್ತೂವರೆ ಗಂಟೆ. ಗಂಟೆಗೆ ಹನ್ನೊಂದು ಕಿಲೋಮೀಟರಿನ ಈ ವೇಗವನ್ನು ಇಂದಿನ ಶಾಲೆಯ ಹುಡುಗನು ನಕ್ಕುಬಿಡಬಹುದು. ಆದರೆ ಅಂದಿನ ಗಾಲಿ ಮರದ್ದು, ಪಟ್ಟಿ ಕಬ್ಬಿಣದ್ದು ಅಥವಾ ಗಟ್ಟಿ ರಬ್ಬರಿನದು. ಯಂತ್ರದ ತೂಕ ಒಂದು ಮೂಟೆ ಅಕ್ಕಿಯ ಅರ್ಧದಷ್ಟಾದರೂ ಇರುತ್ತಿತ್ತು. ಮೂರನ ಗಾಡಿಯ ಅಚ್ಚಿನಲ್ಲಿ ಉಕ್ಕಿನ ಗುಂಡುಗಳಿದ್ದುವು. ಘರ್ಷಣೆಯನ್ನು ತಗ್ಗಿಸಿದ ಆ ಚಿಕ್ಕ ಗುಂಡುಗಳು ಅವನ ಗೆಲುವಿನಲ್ಲಿ ಪಾಲು ಪಡೆದುವು. ಸಲಕರಣೆಯ ಆಯ್ಕೆಯು ಪಂದ್ಯದ ಭಾಗವಾದದ್ದು ಹೀಗೆ ಮೊದಲ ದಿನದಿಂದಲೇ.

ಪೆಡಲು ಮುಂಗಾಲಿಗೇ ಅಂಟಿಕೊಂಡಿದ್ದ ಕಾಲದಲ್ಲಿ ವೇಗ ಬೇಕಾದರೆ ಉಪಾಯ ಒಂದೇ: ಗಾಲಿಯನ್ನು ದೊಡ್ಡದು ಮಾಡುವುದು. ಐವತ್ತನಾಲ್ಕು ಅಂಗುಲದ ಗಾಲಿಯಾದರೆ ಪೆಡಲಿನ ಒಂದು ಸುತ್ತಿಗೆ ಗಾಡಿ 4.3 ಮೀಟರ್ ಮುಂದೆ ಹೋಗುತ್ತದೆ. ಅದಕ್ಕಿಂತ ಹೆಚ್ಚು ಬೇಕೆಂದರೆ ಸವಾರನ ಕಾಲು ಉದ್ದವಾಗಬೇಕು! ಹೀಗೆ ವೇಗಕ್ಕೆ ಮಿತಿಯಾದದ್ದು ಮನುಷ್ಯನ ತೊಡೆಯ ಉದ್ದ. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯ ಜೆ. ಕೆ. ಸ್ಟಾರ್ಲಿ ತಯಾರಿಸಿದ ರೋವರ್ ಗಾಡಿಯು ಈ ಕಟ್ಟನ್ನು ಬಿಡಿಸಿತು. ಎರಡೂ ಗಾಲಿಗಳು ಹೆಚ್ಚು ಕಡಿಮೆ ಒಂದೇ ಅಳತೆ, ನಡುವೆ ಪೆಡಲು, ಅಲ್ಲಿಂದ ಹಿಂಗಾಲಿಗೆ ಚೈನು. ಮುಂದಿನ ಹಲ್ಲುಚಕ್ರಕ್ಕೆ ಎಷ್ಟು ಹಲ್ಲು, ಹಿಂದಿನದಕ್ಕೆ ಎಷ್ಟು ಹಲ್ಲು ಎಂಬ ಲೆಕ್ಕದಿಂದ ವೇಗವನ್ನೂ ಬಲವನ್ನೂ ಬೇಕಾದಂತೆ ಹಂಚಿಕೊಳ್ಳುವುದು ಸಾಧ್ಯವಾಯಿತು. ಇಂಗ್ಲಿಷಿನಲ್ಲಿ ಇದನ್ನೇ ಗಿಯರ್ ಎನ್ನುವುದು. ಪುತ್ತೂರಿನಲ್ಲಿ ‘ಗೇರು’ ಎಂದರೆ ಗೋಡಂಬಿಯ ಮರ, ಅದಕ್ಕೊಂದು ಸಂಶೋಧನ ನಿರ್ದೇಶನಾಲಯವೇ ನಮ್ಮೂರಿನಲ್ಲಿದೆ. ಆದ್ದರಿಂದ ನಾನು ಗಿಯರು ಎಂದೇ ಹೇಳುತ್ತೇನೆ.

ಮೂರು ವರ್ಷಗಳ ತರುವಾಯ, 1888ರಲ್ಲಿ, ಬೆಲ್‌ಫಾಸ್ಟ್ ನಗರದ ಪಶುವೈದ್ಯ ಡನ್‌ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದನು. ಜನ ಅದನ್ನು ನೋಡಿ ನಕ್ಕರು. ಮರುವರ್ಷ ಅದೇ ಊರಿನ ಪಂದ್ಯಗಳಲ್ಲಿ ವಿಲ್ಲಿ ಹ್ಯೂಮ್ ಎಂಬ ಸವಾರನು ಆ ಟೈರಿನ ಮೇಲೆ ಗೆದ್ದ ಕೂಡಲೆ ನಗು ನಿಂತಿತು. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್ ನಗರಕ್ಕೆ ಹೋಗಿ ಮರಳುವ ಸುಮಾರು 1,200 ಕಿಲೋಮೀಟರುಗಳ ಪಂದ್ಯವನ್ನು ಶಾರ್ಲ್ ತೆರೋಂ ಎಪ್ಪತ್ತೆರಡು ಗಂಟೆಗಳೊಳಗೆ ಮುಗಿಸಿದನು. ಅವನ ಗಾಡಿಯಲ್ಲಿದ್ದದ್ದು ಗಾಲಿಯಿಂದ ಕಳಚಿ ರಿಪೇರಿ ಮಾಡಬಹುದಾಗಿದ್ದ ಮಿಶೆಲಿನ್ ಟೈರು. ಬಲವುಳ್ಳವರಲ್ಲಿ ಬೇಗ ಪಂಕ್ಚರ್ ಹಾಕಬಲ್ಲವನೇ ಮೇಲು ಎಂಬ ಪಾಠವನ್ನು ಆ ಓಟವು ಕಲಿಸಿತು.

ಗುಂಡು, ಟೈರು ಇವುಗಳನ್ನು ಪಂದ್ಯದ ಲೋಕವು ಬೇಗ ಒಪ್ಪಿಕೊಂಡಿತು. ಆದರೆ ಒಂದನ್ನು ಮಾತ್ರ ಬಹುಕಾಲ ಒಪ್ಪಲಿಲ್ಲ. ನನ್ನ ವಿದ್ಯಾರ್ಥಿಯ ಕಥೆ ಕೂಡಿಕೊಳ್ಳುವುದು ಇಲ್ಲಿಯೇ. ಫ್ರಾನ್ಸಿನ ಸೇಂತ್ ಎತಿಯೆನ್ ಪಟ್ಟಣದಲ್ಲಿ ಪೋಲ್ ದ ವಿವಿ ಎಂಬ ಗೃಹಸ್ಥನಿದ್ದನು. ‘ವೆಲೋಸಿಯೊ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದನು. ಅವನ ಊರಿನ ಸುತ್ತ ನಮ್ಮ ಸುಳ್ಯದಂತೆಯೇ ಬೆಟ್ಟ. ಒಂದೇ ಗಿಯರಿನ ಗಾಡಿಯಲ್ಲಿ ಬೆಟ್ಟ ಹತ್ತಿದ ಅನುಭವದಿಂದ ಅವನಿಗೆ ಹೊಳೆದದ್ದಿಷ್ಟು: ಮನುಷ್ಯನ ಕಾಲು ಒಂದು ಹದವಾದ ವೇಗದಲ್ಲಿ ಸುತ್ತುವಾಗ ಮಾತ್ರ ಬಹಳ ಹೊತ್ತು ದುಡಿಯಬಲ್ಲದು, ಆದ್ದರಿಂದ ದಾರಿಯ ಏರಿಗೆ ತಕ್ಕಂತೆ ಬದಲಾಗಬೇಕಾದದ್ದು ಗಿಯರು, ಕಾಲಲ್ಲ. ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಾಧನವನ್ನು, ಎಂದರೆ ಡಿರೇಲರನ್ನು, ಅವನು ತನ್ನ ಪತ್ರಿಕೆಯಲ್ಲಿ ವರ್ಷಗಟ್ಟಲೆ ಎತ್ತಿಹಿಡಿದನು. 1902ರಲ್ಲಿ ಪಿರನೀಸ್ ಪರ್ವತಗಳ ತೂರ್ಮಲೆ ಕಣಿವೆಯ ಮೇಲೆ ಒಂದು ಪರೀಕ್ಷೆ ನಡೆಯಿತು. ಮಾರ್ತ್ ಹೆಸ್ ಎಂಬ ಮಹಿಳೆ ಮೂರು ಗಿಯರುಗಳ ಗಾಡಿಯಲ್ಲಿ ಒಮ್ಮೆಯೂ ನೆಲಕ್ಕೆ ಕಾಲೂರದೆ ದಾರಿಯನ್ನು ಮುಗಿಸಿದಳೆಂದೂ, ಒಂದೇ ಗಿಯರನ್ನು ನಂಬಿದ್ದ ಪಳಗಿದ ಸವಾರನು ಹಿಂದೆ ಬಿದ್ದನೆಂದೂ ಬೈಸಿಕಲ್ಲಿನ ಚರಿತ್ರೆಕಾರರು ಬರೆಯುತ್ತಾರೆ.

ಇಷ್ಟಾದರೂ ವಾದ ಮುಗಿಯಲಿಲ್ಲ. ಆಂರಿ ದೆಗ್ರಾಂಜ್ ಎಂಬ ಪತ್ರಿಕಾ ಸಂಪಾದಕನು, ಗಿಯರು ಬದಲಿಸುವ ಸೌಕರ್ಯವೆಲ್ಲ ನಲವತ್ತೈದು ದಾಟಿದವರಿಗೆ ತಕ್ಕದ್ದು, ಗಂಡಸಾದವನು ಸ್ನಾಯುವಿನ ಬಲದಿಂದ ಗೆಲ್ಲಬೇಕು ಎಂಬ ಅಭಿಪ್ರಾಯವನ್ನು ಬರೆದನು. ಆ ವಯಸ್ಸಿನ ನೆರೆಯಲ್ಲಿರುವ ನನಗೆ ಈ ಮಾತು ತುಸು ನಾಟುತ್ತದೆ! ದೆಗ್ರಾಂಜನೂ ಸ್ವತಃ ಸವಾರನೇ. 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿಲೋಮೀಟರ್ ಓಡಿ ದಾಖಲೆ ಮಾಡಿದ್ದನು. ಆದರೆ ಅದು ಪ್ಯಾರಿಸ್ಸಿನ ಸಮತಟ್ಟಾದ ಪಥದ ಮೇಲೆ. ಬಯಲಿನಲ್ಲಿ ಕಲಿತ ಪಾಠವನ್ನು ಅವನು ಬೆಟ್ಟಕ್ಕೂ ಶಾಸನವಾಗಿ ವಿಧಿಸಿದನೆಂದರೆ ತಪ್ಪಾಗಲಾರದು. ಏಕೆಂದರೆ 1903ರಲ್ಲಿ ಫ್ರಾನ್ಸನ್ನು ಸುತ್ತಿ ಬರುವ ಪ್ರಸಿದ್ಧ ಪಂದ್ಯವನ್ನು ಹುಟ್ಟುಹಾಕಿದವನು ಅವನೇ, ನಿಯಮಗಳೂ ಅವನವೇ.

ಆ ನಿಯಮಗಳ ಫಲವನ್ನು ಸವಾರರು ಉಂಡರು. 1910ರಲ್ಲಿ ಮೊದಲ ಸಲ ಪಂದ್ಯವು ತೂರ್ಮಲೆಯನ್ನೇರಿದಾಗ, ಮುಂದೆ ಗೆದ್ದ ಒಕ್ತಾವ್ ಲಾಪೀಜನೇ ಗಾಡಿಯಿಂದಿಳಿದು ನಡೆಯಬೇಕಾಯಿತು. ವ್ಯವಸ್ಥಾಪಕರನ್ನು ಕಂಡು ಅವನು ‘ಕೊಲೆಗಡುಕರು’ ಎಂದು ಕೂಗಿದ್ದು ಚರಿತ್ರೆಯಲ್ಲಿ ಉಳಿದಿದೆ. ಹಿಂಗಾಲಿಯ ಎರಡು ಪಕ್ಕಗಳಿಗೆ ಎರಡು ಅಳತೆಯ ಹಲ್ಲುಚಕ್ರಗಳನ್ನಿಟ್ಟುಕೊಂಡು, ಬೆಟ್ಟದ ಬುಡದಲ್ಲಿ ಇಳಿದು, ಗಾಲಿಯನ್ನು ಕಳಚಿ ತಿರುಗಿಸಿ ಹಾಕಿಕೊಂಡು ಮತ್ತೆ ಹೊರಡುವುದು ಅಂದಿನ ರೂಢಿ. 1913ರಲ್ಲಿ ಅದೇ ತೂರ್ಮಲೆಯ ಇಳಿಜಾರಿನಲ್ಲಿ ಯೂಜೆನ್ ಕ್ರಿಸ್ತೋಫನ ಗಾಡಿಯ ಮುಂದಿನ ಕವಲು ಮುರಿಯಿತು. ಅವನು ಗಾಡಿಯನ್ನು ಹೊತ್ತು ಮೈಲಿಗಟ್ಟಲೆ ನಡೆದು, ಬೆಟ್ಟದಡಿಯ ಹಳ್ಳಿಯೊಂದರ ಕುಲುಮೆಯಲ್ಲಿ ತನ್ನ ಕೈಯಿಂದಲೇ ಬೆಸುಗೆ ಹಾಕಿದನು. ಆದರೆ ತಿದಿ ಒತ್ತಲು ಒಬ್ಬ ಹುಡುಗನ ನೆರವು ಪಡೆದನೆಂದು ಅವನಿಗೆ ದಂಡವಾಯಿತು! ಕಷ್ಟವೇ ಹಿರಿಮೆಯೆಂದು ನಂಬಿದ್ದ ಕಾಲವದು. ಕೊನೆಗೆ ದೆಗ್ರಾಂಜನು ವ್ಯವಸ್ಥೆಯಿಂದ ಹಿಂದೆ ಸರಿದ ಮೇಲೆ, 1937ರಲ್ಲಿ, ಡಿರೇಲರಿಗೆ ಆ ಪಂದ್ಯದಲ್ಲಿ ಅನುಮತಿ ದೊರೆಯಿತು. ಮಾರ್ತ್ ಹೆಸ್ ಬೆಟ್ಟ ಹತ್ತಿ ಮೂವತ್ತೈದು ವರ್ಷಗಳಾಗಿದ್ದವು.

ಇನ್ನು ನಮ್ಮ ದೇಶಕ್ಕೆ ಬರೋಣ. ಮೊದಲಿಗೆ ಇಲ್ಲಿ ಓಡಾಡಿದವು ರ‍್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ. ಮೊದಲಾದ ಇಂಗ್ಲೆಂಡಿನ ಗಾಡಿಗಳು. 1939ರಲ್ಲಿ ಮುಂಬಯಿಯ ಹಿಂದ್, 1949ರಲ್ಲಿ ಮದರಾಸಿನ ಟಿ.ಐ., 1951ರಲ್ಲಿ ಸೋನಿಪತ್ತಿನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೊ ಎಂದು ದೇಶೀಯ ಕಾರ್ಖಾನೆಗಳೆದ್ದವು. ಇವೆಲ್ಲ ಮುಖ್ಯವಾಗಿ ತಯಾರಿಸಿದ್ದು ಒಂದೇ ಗಿಯರಿನ ಭಾರವಾದ ಸಾದಾ ಸೈಕಲ್ಲನ್ನು. ಮುಂದೆ 44 ಹಲ್ಲು, ಹಿಂದೆ 18 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಗಾಡಿ ಐದು ಮೀಟರಿಗೂ ಮಿಕ್ಕು ಓಡಬೇಕು. ಬಯಲುಸೀಮೆಗೆ ಅದು ಸೊಗಸು. ನಮ್ಮ ಕಡೆಯಲ್ಲಿ ಪೇಪರು ಹಂಚುವವರೂ ಮೀನು ಮಾರುವವರೂ ಅದೇ ಗಾಡಿಯನ್ನು ಇಳಿಜಾರಿನಲ್ಲಿ ಓಡಿಸಿ, ಏರಿನಲ್ಲಿ ಇಳಿದು ತಳ್ಳಿದರು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ಸೈಕಲ್ಲಿನಲ್ಲಿ ಕಲಿತ ನಾವೂ ಹಾಗೆಯೇ ತಳ್ಳಿದೆವು. ಅದರಲ್ಲಿ ಯಾರಿಗೂ ಅವಮಾನವೆನಿಸಿರಲಿಲ್ಲ. ಏರಿನಲ್ಲಿ ಇಳಿಯುವುದು ಸೈಕಲ್ಲಿನ ಧರ್ಮವೆಂದೇ ತಿಳಿದಿದ್ದೆವು.

ಪಂದ್ಯದಲ್ಲಿಯೂ ಭಾರತವು ಹಿಂದೆ ನಿಂತಿರಲಿಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ಸವಾರರು ಪಾಲುಗೊಂಡರು. 1964ರಲ್ಲಿ ಟೋಕಿಯೋಗೂ ಹೋದರು. ಕನ್ನಡನಾಡಿನಲ್ಲಿ ಈ ಕ್ರೀಡೆಯ ತವರೆಂದರೆ ವಿಜಯಪುರ, ಬಾಗಲಕೋಟೆಗಳ ಸೀಮೆ. ಅಲ್ಲಿನ ರೈತರ ಮನೆಗಳ ಹುಡುಗರೂ ಹುಡುಗಿಯರೂ, ಸಾದಾ ಸೈಕಲ್ಲಿನಲ್ಲಿ ಕಾಲು ಪಳಗಿಸಿ, ಕ್ರೀಡಾನಿಲಯಗಳಲ್ಲಿ ಶಿಕ್ಷಣ ಪಡೆದು, ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ತಂದಿದ್ದಾರೆ. ಉದ್ದನೆಯ ಸಮರಸ್ತೆ, ಎದುರುಗಾಳಿ, ಬಿಸಿಲು ಇವು ಅವರ ಗುರುಗಳು. 2008ರಿಂದೀಚೆಗೆ ನೀಲಗಿರಿಯನ್ನು ಸುತ್ತುವ ಹವ್ಯಾಸಿಗಳ ಯಾತ್ರೆಯು ಬೆಟ್ಟ ಹತ್ತುವ ಗೀಳನ್ನು ದಕ್ಷಿಣ ದೇಶದಲ್ಲಿ ಹರಡಿತು. ಅದರ ಬೆನ್ನಲ್ಲಿ ನಗರಗಳ ಅಂಗಡಿಗಳಿಗೆ ಹೊರದೇಶದ ಹಗುರ ಗಾಡಿಗಳು ಬಂದವು. ಒಮ್ಮೆ ಬಳಸಿ ಮಾರಿದ ಗಾಡಿಗಳು ನಮ್ಮಂಥ ಊರುಗಳಿಗೂ ಇಳಿದವು. ನನ್ನ ವಿದ್ಯಾರ್ಥಿಯ ಗಾಡಿಯೂ ಅಂಥದೇ ಒಂದು.

ಅಂಗಳದಲ್ಲಿ ನಿಲ್ಲಿಸಿದ್ದ ಆ ಗಾಡಿಯ ಹಲ್ಲುಗಳನ್ನು ಇಬ್ಬರೂ ಕುಕ್ಕರುಗಾಲಿನಲ್ಲಿ ಕುಳಿತು ಎಣಿಸಿದೆವು. ಮುಂದಿನ ಚಿಕ್ಕ ಚಕ್ರಕ್ಕೆ 39. ಹಿಂದಿನ ಅತಿ ದೊಡ್ಡ ಚಕ್ರಕ್ಕೆ 25. ಗಾಲಿಯ ಸುತ್ತಳತೆ 2.1 ಮೀಟರ್. ಎಂದರೆ ಅವನ ಅತಿ ಹಗುರ ಗಿಯರಿನಲ್ಲಿಯೂ ಒಂದು ಸುತ್ತಿಗೆ ಸುಮಾರು 3.3 ಮೀಟರ್. ಕಡಿದಾದ ಏರಿನಲ್ಲಿ ಗಂಟೆಗೆ ಹತ್ತು ಕಿಲೋಮೀಟರ್ ಹೋಗಬಲ್ಲವನ ಕಾಲು ಆಗ ನಿಮಿಷಕ್ಕೆ ಐವತ್ತೊಂದು ಸುತ್ತು ಮಾತ್ರ ಸುತ್ತುತ್ತದೆ. ಒಂದೊಂದು ಸುತ್ತೂ ಮೆಟ್ಟಿಲನ್ನು ಹತ್ತಿದಂತೆ. ಹಿಂದೆ 32 ಹಲ್ಲಿನ ಚಕ್ರವಿದ್ದರೆ ಅದೇ ವೇಗಕ್ಕೆ ಅರವತ್ತೈದು ಸುತ್ತು. ಮುಂದೆಯೂ 34ಕ್ಕೆ ಇಳಿಸಿದರೆ ಎಪ್ಪತ್ತೈದು. ಕೆಲಸ ಅಷ್ಟೇ, ಆದರೆ ಚಿಕ್ಕ ಚಿಕ್ಕ ಕಂತುಗಳಲ್ಲಿ ತೀರಿಸುವ ಸಾಲದಂತೆ ಅದು ಕಾಲಿಗೆ ಸಹ್ಯವಾಗುತ್ತದೆ. ಬಯಲಿನಲ್ಲಿ ಓಡುವ ಬಲಶಾಲಿಗಾಗಿ ಕಟ್ಟಿದ ಗಾಡಿಯನ್ನು ಅವನು ಘಟ್ಟಕ್ಕೆ ಒಯ್ದಿದ್ದನು. ದೆಗ್ರಾಂಜನ ಶಾಸನವು ಅವನಿಗೆ ತಿಳಿಯದೆಯೇ ಅವನ ಹಿಂಗಾಲಿಯಲ್ಲಿ ಕುಳಿತಿತ್ತು.

ಇನ್ನು ಕಾರ್ಬನ್ನಿನ ಲೆಕ್ಕ. ಹುಡುಗನ ತೂಕ 65 ಕಿಲೋ, ಗಾಡಿ ನೀರು ಎಲ್ಲ ಸೇರಿ 11 ಕಿಲೋ, ಒಟ್ಟು 76. ಹೊಸ ಗಾಡಿಯಿಂದ ಎರಡು ಕಿಲೋ ಉಳಿಯಿತೆನ್ನೋಣ. ಅದು ನೂರಕ್ಕೆ ಮೂರಕ್ಕಿಂತ ಕಡಿಮೆ. ಎರಡೂವರೆ ಗಂಟೆಯ ಏರಿನಲ್ಲಿ ಅದರಿಂದಾಗುವ ಲಾಭ ಹೆಚ್ಚೆಂದರೆ ನಾಲ್ಕು ನಿಮಿಷ. ಅವನು ಇಳಿದು ತಳ್ಳಿದ ಸಮಯವೇ ಇಪ್ಪತ್ತು ನಿಮಿಷಕ್ಕೆ ಮಿಕ್ಕಿತ್ತು. ಗೆಲುವು ಸೋಲು ಕೆಲವು ಕ್ಷಣಗಳಲ್ಲಿ ತೀರ್ಮಾನವಾಗುವ ವೃತ್ತಿ ಸವಾರರಿಗೆ ಆ ನಾಲ್ಕು ನಿಮಿಷ ಸಾಮ್ರಾಜ್ಯವೇ ಸರಿ. ಅವರೂ ಎಲ್ಲೆಮೀರದಂತೆ, ಗಾಡಿ 6.8 ಕಿಲೋಕ್ಕಿಂತ ಹಗುರವಾಗಿರಕೂಡದೆಂದು ಅಂತರರಾಷ್ಟ್ರೀಯ ಸಂಸ್ಥೆ 2000ದಲ್ಲಿ ನಿಯಮ ಮಾಡಿತು. ನಮ್ಮ ಹುಡುಗನಿಗೆ ಬೇಕಾದದ್ದು ಹಿಂದಿನ ಹಲ್ಲುಚಕ್ರಗಳ ಹೊಸ ಗೊಂಚಲು, ಒಂದು ಚೈನು, ಮತ್ತು ಉದ್ದ ತೋಳಿನ ಡಿರೇಲರು. ತೋಳು ಗಿಡ್ಡವಾದರೆ ಅದು ದೊಡ್ಡ ಚಕ್ರಕ್ಕೆ ಚೈನನ್ನು ಒಯ್ಯಲಾರದು. ಇಷ್ಟಕ್ಕೆ ಕೆಲವು ಸಾವಿರ ರೂಪಾಯಿ ಸಾಕು. ತೋಟದ ದುಡ್ಡು ತೋಟಕ್ಕೇ ಉಳಿಯಿತು.

ಏರಿದವನು ಇಳಿಯಲೂ ಬೇಕಷ್ಟೆ. ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಸೀಮೆಯಿದು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡವೇ ಜರಿದು ಇದೇ ಮಡಿಕೇರಿ ರಸ್ತೆ ಮುಚ್ಚಿಹೋಗಿತ್ತು. ಒದ್ದೆಯಾದ ಉಕ್ಕಿನ ರಿಮ್ಮಿನ ಮೇಲೆ ರಬ್ಬರಿನ ಬ್ರೇಕು ಜಾರುತ್ತದೆ. ಅಲ್ಯೂಮಿನಿಯಮ್ಮಿನ ರಿಮ್ಮು ವಾಸಿ. ಗಾಲಿಯ ನಡುವೆ ತಟ್ಟೆಯನ್ನು ಹಿಡಿಯುವ ಡಿಸ್ಕ್ ಬ್ರೇಕು ಮಳೆಯಲ್ಲಿ ಇನ್ನೂ ವಾಸಿ. ಅದನ್ನೂ ರಸ್ತೆಯ ಪಂದ್ಯಗಳಲ್ಲಿ ಪೂರ್ಣವಾಗಿ ಒಪ್ಪಿದ್ದು 2018ರಲ್ಲಿಯೇ. ಟೈರಿನ ವಿಷಯದಲ್ಲಿಯೂ, ಸಪೂರವಾದಷ್ಟೂ ವೇಗವೆಂಬ ಹಳೆಯ ನಂಬಿಕೆ ಅಳಿದು, ವೃತ್ತಿ ಸವಾರರು 23 ಮಿಲಿಮೀಟರಿನಿಂದ 28ರ ಕಡೆಗೆ ಬಂದಿದ್ದಾರೆ. ನಮ್ಮ ಕೆಸರು, ಜಲ್ಲಿ, ಹಂಪುಗಳಿಗೆ ಅಗಲವಾದದ್ದೇ ಹಿತ.

ಸಲಕರಣೆ ಸರಿಯಾದ ಮಾತ್ರಕ್ಕೆ ಬೆಟ್ಟ ಕರಗುವುದಿಲ್ಲ, ಅಭ್ಯಾಸ ಬೇಕು. ಅದರ ಚರಿತ್ರೆಯೂ ಗಿಯರಿನ ಚರಿತ್ರೆಯ ದಾರಿಯನ್ನೇ ಹಿಡಿದಿದೆ. ಮೊದಲು ಹೆಚ್ಚು ದೂರ ತುಳಿದವನೇ ಶೂರನಾಗಿದ್ದನು. 1984ರಲ್ಲಿ ಇಟಲಿಯ ಫ್ರಾಂಚೆಸ್ಕೊ ಮೋಸರ್, ಹೃದಯದ ಬಡಿತವನ್ನಳೆದು ಅಭ್ಯಾಸ ಮಾಡಿ, ಮೆಕ್ಸಿಕೊ ನಗರದಲ್ಲಿ ಗಂಟೆಗೆ 51.151 ಕಿಲೋಮೀಟರ್ ಓಡಿದನು. ಆ ಸಾಧನೆಯ ಹಿಂದೆ ರಕ್ತವನ್ನು ಮತ್ತೆ ಮೈಗೇರಿಸಿಕೊಂಡ ಉಪಾಯವೂ ಇತ್ತೆಂದು ಅವನೇ ಮುಂದೆ ಒಪ್ಪಿಕೊಂಡದ್ದರಿಂದ, ಅದನ್ನು ಪೂರ್ಣ ಮಾದರಿಯೆನ್ನಲಾಗದು. ಅಳೆದು ಅಭ್ಯಾಸ ಮಾಡುವ ಪದ್ಧತಿ ಮಾತ್ರ ಉಳಿಯಿತು. 1986ರಲ್ಲಿ ಜರ್ಮನಿಯ ಉಲ್ರಿಚ್ ಶೋಬೆರರ್ ಕಾಲಿನ ಬಲವನ್ನೇ ವಾಟ್ ಲೆಕ್ಕದಲ್ಲಿ ತೋರಿಸುವ ಮಾಪಕವನ್ನು ರಚಿಸಿದನು. ಇವೆಲ್ಲ ಹೇಳುವುದೊಂದೇ: ತನ್ನ ಬಲವೆಷ್ಟೆಂದು ಮರೆಮಾಚದೆ ಅರಿತವನು ಬೆಳೆಯುತ್ತಾನೆ. ಕಚೇರಿಯ ಕೆಲಸವಿರುವವನಿಗೆ ವಾರದಲ್ಲಿ ಆರೇಳು ಗಂಟೆ ಸಿಕ್ಕೀತು. ಅದರಲ್ಲಿ ಬಹುಪಾಲು, ಜೊತೆಯವನೊಡನೆ ಮಾತಾಡಿಕೊಂಡು ಹೋಗಬಲ್ಲಷ್ಟು ಹಗುರವಾದ ಸವಾರಿ, ವಾರಕ್ಕೊಮ್ಮೆ ಏರಿನಲ್ಲಿ ಹತ್ತು ನಿಮಿಷಗಳ ಕಠಿಣ ಶ್ರಮ, ನಾಲ್ಕಾರು ಸಲ, ಬಳಿಕ ವಿಶ್ರಾಂತಿ. ದುಬಾರಿ ಮಾಪಕವಿಲ್ಲದವನಿಗೆ ಉಸಿರೇ ಮಾಪಕ. ನಮ್ಮ ಸೆಕೆಗೆ ಉಪ್ಪು ಹಾಕಿದ ಕುಚ್ಚಲಕ್ಕಿಯ ಗಂಜಿಗಿಂತ ಹಿತವಾದ ಆಹಾರವನ್ನು ನಾನು ಕಾಣೆ.

ಹುಡುಗನು ಆ ಚಳಿಗಾಲವೆಲ್ಲ ಹೀಗೆ ಅಭ್ಯಾಸ ಮಾಡಿದನು. ಪಂದ್ಯದಲ್ಲಿ ಅವನಿಗೆ ಬಹುಮಾನ ಬರಲಿಲ್ಲ. ಅವನು ಮುಗಿಸುವಾಗ ಮೂವತ್ತಕ್ಕೂ ಹೆಚ್ಚು ಮಂದಿ ಅವನಿಗಿಂತ ಮುಂಚೆ ತಲಪಿದ್ದರು. ಆ ರಾತ್ರಿ ಅವನು ನನಗೆ ಫೋನು ಮಾಡಿ ಎಷ್ಟನೆಯವನಾದೆನೆಂಬುದನ್ನು ಮೊದಲು ಹೇಳಲಿಲ್ಲ. “ಕಾಲು ಕೆಳಗಿಡಲಿಲ್ಲ, ಸರ್” ಎಂದನು. ಪಕ್ಕದಲ್ಲಿ ಅವನ ತಂದೆ ಏನೋ ಕೇಳುತ್ತಿದ್ದದ್ದೂ, ಅವನು ಅದಕ್ಕೆ ನಗುತ್ತ ಉತ್ತರ ಕೊಟ್ಟದ್ದೂ ನನಗೆ ಕೇಳಿಸಿತು. 1902ರ ಆ ಫ್ರೆಂಚ್ ಮಹಿಳೆಯ ಸಾಧನೆಯನ್ನು ಅವನಿಗೆ ನಾನು ಮೊದಲೇ ಹೇಳಿದ್ದೆ. ಗಿಯರನ್ನು ಇಳಿಸಿಕೊಳ್ಳಲು ನಾಚದೆ ಏರನ್ನು ಏರಿದವರ ಸಾಲಿನಲ್ಲಿ ಅವನಿಗೂ ಒಂದು ಸ್ಥಾನ ದೊರೆಯಿತೆಂದು ನಾನು ಭಾವಿಸಿದ್ದೇನೆ.